ಸಿಯಾಟಲ್‌ಗೆ ಹೊರಟವರು ಮೊದಲು ಫ್ರೀಮಾಂಟ್ ನೋಡಿ

ರಜೆಗೆಂದು ಹುಬ್ಬಳ್ಳಿಯ ಮನೆಗೆ ಬಂದಾಗಲೆಲ್ಲ, ವೀಸಾ ಕೈಗೆ ಬಂದ ಓಣಿಯ ಹುಡುಗರು ಚಹಾದ ನೆಪದಲ್ಲಿ ಹಾಜರಾಗುತ್ತಾರೆ. ಬಾಡಿಗೆ, ಬ್ಯಾಂಕು, ಜೋಳದ ಹಿಟ್ಟು ಸಿಗುವ ಅಂಗಡಿ ಎಲ್ಲ ಕೇಳಿ ಮುಗಿದ ಮೇಲೆ, ಅವ್ವ ಒಳಗೆ ಹೋದದ್ದನ್ನು ನೋಡಿಕೊಂಡು ದನಿ ತಗ್ಗಿಸುತ್ತಾರೆ: "ಕಾಕಾ, ಅಲ್ಲಿ ರಾತ್ರಿ ಹೊತ್ತು ಎಲ್ಲಿಗೆ ಹೋಗಬೇಕು?"

ಸಿಯಾಟಲ್‌ನಲ್ಲಿ ಹದಿನಾಲ್ಕು ವರ್ಷ ಕಳೆದ ನನ್ನ ಉತ್ತರ ಬದಲಾಗಿಲ್ಲ. ಪ್ರವಾಸಿಗರೆಲ್ಲ ನೋಡುವ ಸ್ಪೇಸ್ ನೀಡಲ್ ಗೋಪುರ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಊರಿನದೇ ಬಡಾವಣೆಯಾದ ಫ್ರೀಮಾಂಟ್‌ಗೆ ಹೋಗಿ. ಪೇಟೆಯ ನಡುವಿನಿಂದ 40 ಅಥವಾ 62ನೇ ನಂಬರಿನ ಬಸ್ಸು ಹಿಡಿದರೆ ನೀಲಿ, ಕಿತ್ತಳೆ ಬಣ್ಣದ ಸೇತುವೆ ದಾಟಿಸುತ್ತದೆ. 1917ರ ಸೇತುವೆ ಅದು. ಕಾಲುವೆಯಲ್ಲಿ ಎತ್ತರದ ದೋಣಿ ಬಂದರೆ ಎರಡು ಹೋಳಾಗಿ ಮೇಲೇಳುತ್ತದೆ, ದಿನಕ್ಕೆ ಸುಮಾರು 35 ಸಲ. ರೈಲ್ವೆ ಗೇಟಿನ ಕೆಳಗೆ ಬೈಕು ಬಗ್ಗಿಸಿ ನುಗ್ಗುವ ನಮ್ಮ ವಿದ್ಯೆ ಅಲ್ಲಿ ನಡೆಯುವುದಿಲ್ಲ. ಸುಮ್ಮನೆ ನಿಂತು ಗೋಪುರದ ಕಿಟಕಿ ನೋಡಿ: ಕತ್ತಲಾದ ಮೇಲೆ ನಿಯಾನ್ ದೀಪದ ರಾಜಕುಮಾರಿಯೊಬ್ಬಳು ತನ್ನ ಉದ್ದ ಜಡೆಯನ್ನು ಹೊರಗೆ ಇಳಿಬಿಟ್ಟಿರುತ್ತಾಳೆ.

ಈ ಬಡಾವಣೆ ತನ್ನನ್ನು ತಾನೇ "ವಿಶ್ವದ ಕೇಂದ್ರ" ಎಂದು ಕರೆದುಕೊಂಡು ಕೈಕಂಬವನ್ನೂ ನೆಟ್ಟುಕೊಂಡಿದೆ. ಚೆನ್ನಮ್ಮ ವೃತ್ತದ ಬಗ್ಗೆ ನಮಗೂ ಅದೇ ಭಾವನೆ ಇರುವುದರಿಂದ ನಾನು ಜಗಳಕ್ಕೆ ಹೋಗಿಲ್ಲ.

ಅಲ್ಲಿಂದ ನಡೆದು ಅರೋರಾ ಸೇತುವೆಯ ಅಡಿಗೆ ಹೋಗಿ. ಹದಿನೆಂಟು ಅಡಿಯ ಕಾಂಕ್ರೀಟ್ ರಾಕ್ಷಸ ಮಣ್ಣಿನಿಂದ ಅರ್ಧ ಎದ್ದು ಕುಳಿತಿದ್ದಾನೆ. ಕಸ ಬಿಸಾಡುವ ಜಾಗವಾಗಿದ್ದ ಆ ಮೂಲೆಯನ್ನು ಸರಿಪಡಿಸಲು ಸ್ಥಳೀಯ ಕಲಾ ಮಂಡಳಿ ಸ್ಪರ್ಧೆ ಏರ್ಪಡಿಸಿ, 1990ರಲ್ಲಿ ಇವನನ್ನು ಕೂರಿಸಿತು. ಒಂದು ಕಣ್ಣಿಗೆ ಕಾರಿನ ಚಕ್ರದ ಹೊಳೆಯುವ ಮುಚ್ಚಳ, ಇನ್ನೊಂದು ಕೂದಲಿನ ಮರೆಯಲ್ಲಿ. ಎಡ ಅಂಗೈಯ ಕೆಳಗೆ ನಿಜವಾದ ಫೋಕ್ಸ್‌ವ್ಯಾಗನ್ ಬೀಟಲ್ ಸಿಕ್ಕಿ ನಜ್ಜುಗುಜ್ಜಾಗಿದೆ. ಹಗಲಲ್ಲಿ ಮಕ್ಕಳು ಅವನ ಮೂಗಿನ ಮೇಲೆ ಕುಳಿತು ಫೋಟೋ ತೆಗೆಸಿಕೊಳ್ಳುತ್ತಾರೆ. ರಾತ್ರಿ ಹನ್ನೊಂದರ ಮೇಲೆ ಬೇರೆಯೇ. ತಲೆಯ ಮೇಲೆ ವಾಹನಗಳು ಗುಡುಗುಟ್ಟುತ್ತಿರುತ್ತವೆ, ಮುಚ್ಚಳದ ಕಣ್ಣಿಗೆ ಬೀದಿದೀಪ ತಗುಲುತ್ತದೆ, ನೀವು ಸುಮ್ಮನೆ ಒಂದು ಹೆಜ್ಜೆ ಹಿಂದೆ ಸರಿಯುತ್ತೀರಿ.

ಅಲ್ಲಿಂದ ಸ್ವಲ್ಪ ದೂರ ನಡೆದರೆ ಹದಿನಾರು ಅಡಿಯ ಕಂಚಿನ ಲೆನಿನ್. ಸ್ಲೊವಾಕಿಯಾದಲ್ಲಿ ಕೆಡವಿ ಹಾಕಿದ್ದ ಪ್ರತಿಮೆಯನ್ನು ಅಮೆರಿಕದವನೊಬ್ಬ ಮನೆ ಅಡವಿಟ್ಟು ಕೊಂಡು ತಂದ. ಇಂದಿಗೂ ಅದು ಖಾಸಗಿ ಆಸ್ತಿ, ಕೊಳ್ಳುವವರಿದ್ದರೆ ಮಾರಾಟಕ್ಕಿದೆ. ಯಾರೋ ಕೈಗೆ ಕೆಂಪು ಬಣ್ಣ ಬಳಿದಿರುತ್ತಾರೆ. ಡಿಸೆಂಬರ್‌ನಲ್ಲಿ ದೀಪದ ಸರವೂ ಬೀಳುತ್ತದೆ.

ಈಗ ರಾತ್ರಿಯ ವಿಷಯ. ದುರ್ಗದಬೈಲಿನ ಹಾಗೆ ನಿಂತಲ್ಲೇ ಮಿರ್ಚಿ, ಗಿರಮಿಟ್ಟು ಸಿಗುತ್ತದೆಂದು ಹಸಿದುಕೊಂಡು ಹೋಗಬೇಡಿ. ಅನೇಕ ಹೋಟೆಲುಗಳ ಒಲೆ ಒಂಬತ್ತು, ಹತ್ತಕ್ಕೇ ಆರುತ್ತದೆ. ಜೂನ್‌ನಲ್ಲಿ ಒಂಬತ್ತಕ್ಕೂ ಬೆಳಕಿರುವುದರಿಂದ ಹೊತ್ತು ಹೋದದ್ದೇ ತಿಳಿಯುವುದಿಲ್ಲ, ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಕತ್ತಲು. ಸಂಗೀತ ಬೇಕಿದ್ದರೆ ನೆಕ್ಟರ್ ಲೌಂಜ್, ಹೈ ಡೈವ್‌ನಂಥ ಜಾಗಗಳಿವೆ. ಇಪ್ಪತ್ತೊಂದು ತುಂಬದಿದ್ದರೆ ಮದ್ಯವಿಲ್ಲ, ತುಂಬಿದ್ದರೂ ಎರಡು ಗಂಟೆಯ ಮೇಲೆ ಕೊಡುವುದಿಲ್ಲ. ಪಾಸ್‌ಪೋರ್ಟ್ ಜೊತೆಗಿರಲಿ. ಮೊದಲ ವರ್ಷ ಕಂಪನಿಯ ಗುರುತಿನ ಚೀಟಿ ತೋರಿಸಿ ಬಾಗಿಲಲ್ಲೇ ವಾಪಸಾದ ಮೂವತ್ತೆರಡರ ಗಂಡಸು ನಾನು.

ಒಂದು ಮಾತು ಗಂಭೀರವಾಗಿ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ ಗಾಂಜಾ ಅಂಗಡಿಗಳು ರಾಜಾರೋಷವಾಗಿ ತೆರೆದಿರುತ್ತವೆ. ಆದರೆ ವೀಸಾ ಕೊಡುವುದು ಕೇಂದ್ರ ಸರ್ಕಾರ, ಅದರ ಕಾನೂನಿನಲ್ಲಿ ಗಾಂಜಾ ಇನ್ನೂ ಅಪರಾಧ. ಸೇದಿದ್ದೇನೆಂದು ಒಪ್ಪಿಕೊಂಡರೂ ಮುಂದೆ ಗಡಿಯಲ್ಲಿ, ಗ್ರೀನ್ ಕಾರ್ಡಿನಲ್ಲಿ ತೊಡಕಾಗಬಹುದು. ಗೆಳೆಯರು ಎಷ್ಟೇ ಕರೆದರೂ ಆ ಬಾಗಿಲು ನಿಮ್ಮದಲ್ಲ.

ಜೂನ್‌ನ ಉತ್ತರಾಯಣದ ಕೊನೆಗೆ ಮೆರವಣಿಗೆಯೊಂದಿದೆ. ಮೋಟಾರು ವಾಹನ, ಬರಹದ ಫಲಕ ಎರಡಕ್ಕೂ ನಿಷೇಧ, ಬಟ್ಟೆಗೆ ಮಾತ್ರ ಒತ್ತಾಯವಿಲ್ಲ. ಮೈತುಂಬ ಬಣ್ಣ ಬಳಿದುಕೊಂಡ ನೂರಾರು ಸೈಕಲ್ ಸವಾರರು ಸಾಗುತ್ತಾರೆ. ತಿಳಿಯದೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಸೆರಗಿನಿಂದ ಮುಖ ಮುಚ್ಚಿಕೊಂಡವಳು ಸ್ವಲ್ಪ ಹೊತ್ತಿಗೆ ಇಣುಕಿ, "ಇದೇನು ನಮ್ಮ ರಂಗಪಂಚಮಿಯ ಬಣ್ಣಕ್ಕಿಂತ ಗಟ್ಟಿ ಇದೆಯಲ್ಲ, ತೊಳೆದರೆ ಹೋಗುತ್ತದೆಯೇ?" ಎಂದು ಕೇಳಿದಳು.

ಮರಳುವಾಗ ಸೇತುವೆಯ ಬಳಿ ಅಲ್ಯೂಮಿನಿಯಂ ಪ್ರತಿಮೆಗಳ ಗುಂಪೊಂದು ಸಿಗುತ್ತದೆ. 1939ರಲ್ಲೇ ನಿಂತುಹೋದ ರೈಲಿಗೆ ಆರು ಜನ ಇನ್ನೂ ಕಾಯುತ್ತಿದ್ದಾರೆ, ಜೊತೆಗೊಂದು ನಾಯಿ. ನಾಯಿಗೆ ಮನುಷ್ಯನ ಮುಖ. ಶಿಲ್ಪಿಗೆ ಊರಿನ ಹಿರಿಯನೊಬ್ಬನ ಮೇಲೆ ಮುನಿಸಿತ್ತಂತೆ, ಆ ಮುಖ ಅವನದೇ. ಹುಟ್ಟುಹಬ್ಬ, ಮದುವೆ ಏನೇ ಇರಲಿ, ಅಲ್ಲಿಯವರು ಇವರಿಗೆ ಬಟ್ಟೆ ತೊಡಿಸುತ್ತಾರೆ, ನಮ್ಮಲ್ಲಿ ಹೋಳಿ ಹಬ್ಬಕ್ಕೆ ಕಾಮಣ್ಣನನ್ನು ಸಿಂಗರಿಸುವ ಹಾಗೆ. ನೀವೂ ತೊಡಿಸಬಹುದು, ತೆಗೆಯುವ ಕೆಲಸವೂ ನಿಮ್ಮದೇ. ಒಂದು ನವೆಂಬರ್‌ನಲ್ಲಿ ನಾವು ಕೆಂಪು, ಹಳದಿ ಶಾಲನ್ನು ಮುಂದಿನವನ ಹೆಗಲಿಗೆ ಹಾಕಿ ಬಂದೆವು. ಮರುದಿನ ತರಲು ಹೋದರೆ ಯಾರೋ ಅದನ್ನು ನಾಯಿಗೆ ಹೊದಿಸಿದ್ದರು. ಮಳೆ ಬರುತ್ತಿತ್ತು, ಇನ್ನೊಂದು ದಿನ ಅಲ್ಲೇ ಬಿಟ್ಟೆವು.