ಪಡುಗೋಡೆಗೆ ಕಪಾಟು ತಾಗಿಸಲಿಲ್ಲ

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಗೆ ಒಂದು ಕಡೆ ಕಾಳಿ ನದಿ, ಇನ್ನೊಂದು ಕಡೆ ಸಮುದ್ರ. ವರ್ಷದ ಮಳೆ 3000 ಮಿಲಿಮೀಟರ್ ಆಸುಪಾಸು, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಈ ನಾಲ್ಕು ತಿಂಗಳು ತಾಳುವಂತಿದ್ದರೆ ಸಾಕು, ಉಳಿದ ಎಂಟು ತಿಂಗಳು ಮನೆ ತಾನಾಗಿ ಚೆನ್ನಾಗಿರುತ್ತದೆ ಎಂದುಕೊಂಡೇ ಒಳಗಿನ ಕೆಲಸಕ್ಕೆ ಕೈ ಹಾಕಿದೆ.

ಮಳೆ ಗಾಳಿಯ ಜೊತೆ ಹೊಡೆಯುವುದು ಪಶ್ಚಿಮ, ನೈಋತ್ಯದ ಗೋಡೆಗಳಿಗೆ. ಅಲ್ಲಿ ಕಿಟಕಿ, ಬೆತ್ತದ ಕುರ್ಚಿ, ಅಷ್ಟೇ. ಕಪಾಟುಗಳೆಲ್ಲ ಎರಡು ಕೋಣೆಗಳ ನಡುವಿನ ಗೋಡೆಗೆ ಬಂದವು. ಅಲ್ಲೂ ಹಿಂದೆ ನಾಲ್ಕು ಬೆರಳು ಸಂದು, ಕೆಳಗೆ ಆರಿಂಚು ಎತ್ತರದ ಕಾಲುಗಳು. ಆಚಾರಿಗೆ ಇದು ಸರಿಬರಲಿಲ್ಲ. "ಅಕ್ಕೋರೆ, ಗೋಡೆಯಿಂದ ಗೋಡೆಗೆ ಕೂಡಿಸಿದ್ರೆ ಚಂದ. ಸಂದು ಬಿಟ್ರೆ ಜಿರಲೆ ಸೇರ್ತಾವೆ" ಎಂದ. ಪೊರಕೆ ಹೋಗುವಷ್ಟು ಜಾಗ ಇದ್ದರೆ ಜಿರಲೆಯನ್ನು ನಾನು ನೋಡಿಕೊಳ್ಳುತ್ತೇನೆ, ಗಾಳಿ ಹೋಗದಿದ್ದರೆ ಬರುವ ಬೂಸ್ಟನ್ನು ನೀನು ನೋಡಿಕೊಳ್ಳುತ್ತೀಯಾ ಎಂದೆ. ನಕ್ಕು ಸುಮ್ಮನಾದ.

ಪ್ಲೈವುಡ್ ಕೊಳ್ಳುವಾಗ ಹಲಗೆಯ ಮೇಲಿನ ಮುದ್ರೆ ಓದಲೇಬೇಕು. ಐಎಸ್ ಎಂದರೆ ಭಾರತೀಯ ಮಾನಕ; ಐಎಸ್ 710 ಎಂದಿದ್ದರೆ ಮರೈನ್, ಅಂದರೆ ನೀರಿಗೆ ಹೆಚ್ಚು ತಾಳುವ ದರ್ಜೆ. ಐಎಸ್ 303ರಲ್ಲಿ ಎರಡು ಬಗೆ, ಅಗ್ಗದ್ದು ಎಂಆರ್. ಹೆಸರೇನೋ ತೇವ ತಡೆಯುವುದು, ಆದರೆ ನಮ್ಮ ಬಚ್ಚಲ ಪಕ್ಕದ ತೇವಕ್ಕೆ ಅದು ಆಗಿಬರುವುದಿಲ್ಲ. ಅಡುಗೆಮನೆಯ ಸಿಂಕಿನ ಕೆಳಗೆ, ಬಚ್ಚಲಿಗೆ ತಾಗಿದ ಕಡೆ 710 ಹಾಕಿಸಿ, ಹಾಲಿನ ಪುಸ್ತಕದ ಗೂಡಿಗೆ 303ರ ಇನ್ನೊಂದು ಬಗೆ, ಕುದಿನೀರಿಗೂ ತಾಳುವ ಬಿಡಬ್ಲ್ಯುಆರ್ ಸಾಕೆಂದೆ. ಹಲಗೆ ಯಾವುದೇ ಇರಲಿ, ಉಬ್ಬುವುದು ಕೊಯ್ದ ಅಂಚಿನಿಂದ. ಎದುರಿಗೆ ಕಾಣುವ ಅಂಚಿಗೆ ಪಟ್ಟಿ ಅಂಟಿಸಿ ಕೆಳಗಿನದನ್ನು ಹಾಗೇ ಬಿಡುವುದು ರೂಢಿ. ನಾನು ಪಕ್ಕದಲ್ಲಿ ನಿಂತು ಅಡಿಭಾಗಕ್ಕೂ ಹಚ್ಚಿಸಿದೆ.

ಉಪ್ಪುಗಾಳಿಗೆ ಸಾದಾ ಕಬ್ಬಿಣದ ತಿರುಗಣಿ ಬೇಗ ತುಕ್ಕು ಹಿಡಿಯುತ್ತದೆ. ಒಳಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿದೆ. ಬಾಲ್ಕನಿಯ ಕಂಬಿಗೆ 316. ಅದರಲ್ಲಿ ಮಾಲಿಬ್ಡಿನಮ್ ಎಂಬ ಲೋಹ ಇರುವುದರಿಂದ ಉಪ್ಪನ್ನು ಹೆಚ್ಚು ತಡೆಯುತ್ತದೆ. ಹಿಡಿಕೆಗಳು ಹಿತ್ತಾಳೆಯವು. ಕಪ್ಪಾಗುತ್ತವೆ ನಿಜ, ಹುಣಸೆಹಣ್ಣು ತಿಕ್ಕಿದರೆ ಮುಗಿಯಿತು.

ನನಗೆ ತೀರಾ ಇಷ್ಟವಾದದ್ದು ಅಡುಗೆಮನೆಯ ಮೂಲೆ. ಅತ್ತೆ ನಿಂತು ಕಾಯಿ ತುರಿಯಲಾರರು, ಮೊಣಕಾಲು ನೋವಿನಿಂದ ನೆಲಕ್ಕೂ ಕೂರಲಾರರು. ಕಂಪನಿಗಳ ಮಾಡ್ಯುಲರ್ ನಕ್ಷೆಗಳಲ್ಲಿ ತುರಿಮಣೆಗೆ ಜಾಗವೇ ಇರುವುದಿಲ್ಲ; ಮಿಕ್ಸಿಗೆ ಮಾತ್ರ ಒಂದು ಗೂಡು. ನಾವು ಕಿಟಕಿಯ ಕೆಳಗೆ ಹದಿನೆಂಟು ಇಂಚು ಎತ್ತರಕ್ಕೆ ಗ್ರಾನೈಟ್ ಕಟ್ಟೆ ಕಟ್ಟಿಸಿದೆವು. ಅತ್ತೆ ಅದರ ಮೇಲೆ ಕಾಲು ಇಳಿಬಿಟ್ಟು ಕೂರುತ್ತಾರೆ, ತುರಿಮಣೆ ಪಕ್ಕದಲ್ಲಿ ತಿರುಪಿನಿಂದ ಬಿಗಿದಿದೆ. ಕಟ್ಟೆಯ ಅಂಚು ದುಂಡಗೆ ಉಜ್ಜಿಸಿದ್ದು ತೊಡೆಗೆ ಒತ್ತದಿರಲೆಂದು. ಸಂಜೆ ಮಗಳೂ ಅಲ್ಲೇ ಕುಳಿತು ಅಜ್ಜಿಗೆ ಪಾಠ ಒಪ್ಪಿಸುತ್ತಾಳೆ.

ಯಜಮಾನರಿಗೆ ಪಿಒಪಿ ಫಾಲ್ಸ್ ಸೀಲಿಂಗ್ ಮೇಲೆ ಮನಸ್ಸಿತ್ತು. ಮೇಲೆ ತಾರಸಿ ಒಸರಿದರೆ ಕಲೆ ಮೂಡುವವರೆಗೂ ಗೊತ್ತಾಗುವುದಿಲ್ಲ ಎಂದು ವಾದಿಸಿ ಆ ದುಡ್ಡು ಹಿಂದಿನ ಪಡಸಾಲೆಗೆ ತಿರುಗಿಸಿದೆ. ಅಲ್ಲೀಗ ರಾಟೆಯ ಮೇಲೆ ಏರಿಳಿಯುವ ಬಟ್ಟೆ ಒಣಗಿಸುವ ಗಳು, ಮೇಲೆ ಫ್ಯಾನು, ಗೋಡೆಯಲ್ಲಿ ಎಕ್ಸಾಸ್ಟ್. ಎಕ್ಸಾಸ್ಟ್ ಇಲ್ಲದೆ ಮುಚ್ಚಿದ ಕೋಣೆಯಲ್ಲಿ ಒಣಗಿಸಿದರೆ ಬಟ್ಟೆಯ ನೀರೆಲ್ಲ ಗೋಡೆಗೇ ಸೇರುತ್ತದೆ. ಸೀಲಿಂಗಿನ ಮಾತು ದೀಪಾವಳಿಗೊಮ್ಮೆ ಈಗಲೂ ಬರುತ್ತದೆ. ಜುಲೈಯಲ್ಲಿ ಮಾತ್ರ ಅವರು ಎತ್ತುವುದಿಲ್ಲ.