ಕೂಸು ರಾತ್ರಿ ಎದ್ದರೆ ಏನು ಮಾಡಬೇಕು?

ದಾವಣಗೆರೆ ಸೀಮೆಯ ಬಾಣಂತನದ ಮನೆಗಳಲ್ಲಿ ಈ ಮಾತು ಕೇಳದ ದಿನವಿಲ್ಲ: “ಅತ್ತಾಗಲೆಲ್ಲ ಎತ್ಕೋಬ್ಯಾಡವ್ವ, ಕೈ ರೂಢಿ ಆಗ್ತೈತಿ.” ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಮೊದಲ ತಿಂಗಳುಗಳ ಮಟ್ಟಿಗೆ ಈ ಮಾತು ಸರಿಯಲ್ಲ. ಹಟ ಹಿಡಿದು ಸಾಧಿಸುವ ಬುದ್ಧಿ ಹಸಿಗೂಸಿಗೆ ಬಂದಿರುವುದಿಲ್ಲ. ಹಸಿವಾಗಲಿ, ಸೆಕೆಯಾಗಲಿ, ಬಟ್ಟೆ ಒದ್ದೆಯಾಗಿರಲಿ, ಅದು ಅತ್ತೇ ಹೇಳಬೇಕು. ಅತ್ತಾಗ ಯಾರಾದರೂ ಬರುತ್ತಾರೆ ಎಂಬುದು ಮತ್ತೆ ಮತ್ತೆ ಖಾತ್ರಿಯಾದರೆ ಮಗುವಿಗೆ ಹೆತ್ತವರ ಮೇಲೆ ನಂಬಿಕೆ ಕೂರುತ್ತದೆ. ಮನೋವಿಜ್ಞಾನಿಗಳಾದ ಸಿಲ್ವಿಯಾ ಬೆಲ್ ಮತ್ತು ಮೇರಿ ಏನ್ಸ್‌ವರ್ತ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ತಿಂಗಳುಗಳಲ್ಲಿ ಕೂಡಲೇ ಓಗೊಟ್ಟ ತಾಯಂದಿರ ಮಕ್ಕಳು ವರ್ಷ ತುಂಬುವ ಹೊತ್ತಿಗೆ ಕಡಿಮೆ ಅಳುತ್ತಿದ್ದವು.

ಮೊದಲು ಕಿಟಕಿ ತೆರೆಯಿರಿ

ಹುಟ್ಟಿದ ಕೂಸು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ, ಆದರೆ ಎರಡು ಮೂರು ಗಂಟೆಗಳ ತುಂಡು ತುಂಡು ನಿದ್ದೆ. ಹೊಟ್ಟೆ ಚಿಕ್ಕದು; ದಿನಕ್ಕೆ 8ರಿಂದ 12 ಸಲ ಹಾಲು ಬೇಕು. ಹಗಲು-ರಾತ್ರಿಯ ಲೆಕ್ಕ ಅದಕ್ಕೆ ತಿಳಿಯತೊಡಗುವುದು ಎರಡು ಮೂರು ತಿಂಗಳಾದ ಮೇಲೆಯೇ. ಬಾಣಂತಿ ಕೋಣೆಯನ್ನು ಗಾಳಿ-ಬೆಳಕು ಹೊಗದಂತೆ ಮುಚ್ಚಿಟ್ಟರೆ ಈ ಲೆಕ್ಕ ಇನ್ನೂ ತಡವಾಗುತ್ತದೆ. ಬೆಳಗ್ಗೆ ಬೆಳಕು ಒಳಗೆ ಬರಲಿ, ಮನೆಯ ಸದ್ದುಗದ್ದಲ ಇರಲಿ. ರಾತ್ರಿ ಹಾಲು ಕುಡಿಸುವಾಗ ಮಂದ ದೀಪ ಸಾಕು. ಆಗ ಮುದ್ದು ಮಾತು, ಮೊಬೈಲ್ ಎರಡೂ ಬೇಡ.

ಸಂಜೆಗೊಂದು ಕ್ರಮ

ಎಣ್ಣೆ ತಿಕ್ಕುವುದು, ಎರೆಯುವುದು, ಹಾಲು, ಜೋಗುಳ. ದಿನವೂ ಇದೇ ಕ್ರಮದಲ್ಲಿ ನಡೆದರೆ ಕೆಲವು ವಾರಗಳಲ್ಲಿ ಕೂಸಿನ ಮೈ ಅದಕ್ಕೆ ಹೊಂದಿಕೊಳ್ಳುತ್ತದೆ. ನಮ್ಮ ಅಜ್ಜಿಯರು ಮಾಡಿಕೊಂಡು ಬಂದ ಈ ಕೆಲಸವನ್ನು ಯಾರೂ ಬಿಡಬೇಕಿಲ್ಲ. ಬಿಡಬೇಕಾದದ್ದು ಲೋಬಾನದ ಹೊಗೆ. ಹೊಗೆ ಯಾವುದೇ ಇರಲಿ, ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಮಲಗಿಸುವ ಜಾಗ

ಹಗಲಾಗಲಿ ರಾತ್ರಿಯಾಗಲಿ, ಅಂಗಾತ ಮಲಗಿಸಿ. ಅಮೆರಿಕದಲ್ಲಿ 1994ರಲ್ಲಿ ಇದಕ್ಕಾಗಿಯೇ ಆಂದೋಲನ ಶುರುವಾದ ಮೇಲೆ, ನಿದ್ದೆಯಲ್ಲಿ ಶಿಶುಗಳು ಹಠಾತ್ತನೆ ಸಾಯುವ ಪ್ರಮಾಣ ಅರ್ಧದಷ್ಟು ಇಳಿಯಿತು. ಹಾಸಿಗೆ ಗಟ್ಟಿಯಾಗಿ, ಸಮವಾಗಿರಲಿ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು, ಹೊದಿಸುವ ಕೌದಿ, ಬೊಂಬೆ ಯಾವುದೂ ಅಲ್ಲಿ ಬೇಡ. ಸೀರೆಯ ಜೋಲಿಯಲ್ಲಿ ಗದ್ದ ಎದೆಗೆ ಒತ್ತಿ ಉಸಿರಿಗೆ ಅಡ್ಡಿಯಾಗಬಹುದು. ಯಾರಾದರೂ ಪಕ್ಕದಲ್ಲೇ ಕೂತು ನೋಡುತ್ತಾ ತೂಗಬಹುದು, ನಿದ್ದೆ ಹತ್ತಿದ ಮೇಲೆ ಹಾಸಿಗೆಗೆ ಹಾಕಿ.

ಕನಿಷ್ಠ ಮೊದಲ ಆರು ತಿಂಗಳು ಅಮ್ಮನ ಕೋಣೆಯಲ್ಲೇ, ಬೇರೆ ಹಾಸಿಗೆಯಲ್ಲಿ ಮಲಗಿಸಬೇಕೆಂಬುದು ಮಕ್ಕಳ ತಜ್ಞರ ಸಲಹೆ. ನಮ್ಮಲ್ಲಿ ಒಟ್ಟಿಗೇ ಮಲಗುವ ಮನೆಗಳೇ ಹೆಚ್ಚು. ಹಾಗಿದ್ದರೆ ಕುಡಿದವರು, ಬೀಡಿ-ಸಿಗರೇಟು ಸೇದುವವರು, ನಿದ್ದೆ ಬರಿಸುವ ಮಾತ್ರೆ ನುಂಗಿದವರು ಕೂಸಿನ ಪಕ್ಕ ಮಲಗಲೇಬಾರದು. ದಿನ ತುಂಬುವ ಮುನ್ನ ಹುಟ್ಟಿದ, ತೂಕ ಕಡಿಮೆಯಿರುವ ಕೂಸಿಗೆ ಬೇರೆ ಹಾಸಿಗೆಯೇ ಬೇಕು. ಸೋಫಾ ಮೇಲೆ ಕೂಸನ್ನು ತಬ್ಬಿ ನಿದ್ದೆಹೋಗುವುದಂತೂ ಎಲ್ಲಕ್ಕಿಂತ ಅಪಾಯ.

ಏಪ್ರಿಲ್ ಸೆಕೆಯಲ್ಲೂ ಕುಲಾವಿ, ಸ್ವೆಟರ್ ಹಾಕಿಸುವ ಮನೆಗಳಿವೆ. ಕೈಕಾಲು ತಣ್ಣಗಿವೆ ಎಂಬುದು ಅದಕ್ಕೆ ಕಾರಣ. ಆದರೆ ಎಳೆಗೂಸಿನ ಕೈಕಾಲು ತಣ್ಣಗಿರುವುದು ಸಹಜ. ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬೆವರಿದ್ದರೆ ಬಟ್ಟೆ ಹೆಚ್ಚಾಗಿದೆ. ಫ್ಯಾನ್ ಹಾಕಬಹುದು.

ರಾತ್ರಿ ಎದ್ದಾಗ

ಹಸಿಗೂಸಿನ ನಿದ್ದೆಯಲ್ಲಿ ಸುಮಾರು ಅರ್ಧದಷ್ಟು ಚಡಪಡಿಕೆಯ ನಿದ್ದೆ. ಕಣ್ಣು ಮುಚ್ಚಿಯೇ ಇರುತ್ತದೆ, ರೆಪ್ಪೆಯೊಳಗೆ ಗುಡ್ಡೆ ಓಡಾಡುತ್ತದೆ. ತುಟಿ ಚೀಪಿದಂತೆ ಆಡುತ್ತದೆ, ಮುಖ ಕಿವುಚುತ್ತದೆ, ಒಂದು ಸಣ್ಣ ಮುಲುಕು, ಕಾಲೊಂದು ಜಾಡಿಸುತ್ತದೆ. ಎದ್ದೇಬಿಟ್ಟಿತೆಂದು ತಾಯಿ ದಡಬಡಿಸಿ ಎತ್ತಿಕೊಂಡರೆ ಆಗ ನಿಜಕ್ಕೂ ಎಚ್ಚರವಾಗುತ್ತದೆ. ಒಂದರ್ಧ ನಿಮಿಷ ನೋಡಿ. ಎದೆಯ ಮೇಲೆ ಅಂಗೈ ಹಗುರಾಗಿಟ್ಟು “ಶ್ಶ್” ಅನ್ನಿ. ಎಷ್ಟೋ ಸಲ ಅಷ್ಟಕ್ಕೇ ಮತ್ತೆ ನಿದ್ದೆಗೆ ಜಾರುತ್ತದೆ. ಕಣ್ಣು ಬಿಟ್ಟು ಅತ್ತರೆ ಮಾತ್ರ ಕಾಯಿಸಬೇಡಿ, ಎತ್ತಿಕೊಳ್ಳಿ.

ಅಪ್ಪನ ಪಾಳಿ

ಹಾಲು ಕುಡಿಸುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಅಪ್ಪ ಮಾಡಬಹುದು: ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಹೆಗಲ ಮೇಲೆ ಹಾಕಿಕೊಂಡು ಅಡ್ಡಾಡುವುದು. ಕೊಲಂಬಿಯಾದ ಬೊಗೋಟದಲ್ಲಿ 1978ರಲ್ಲಿ, ಇನ್‌ಕ್ಯುಬೇಟರ್ ಸಾಲದೆ, ತೂಕ ಕಡಿಮೆಯಿದ್ದ ಕೂಸುಗಳನ್ನು ತಾಯಂದಿರ ಬರಿ ಎದೆಗೆ ಕಟ್ಟಿದರು. ಅದೇ ಇಂದಿನ ಕಾಂಗರೂ ಆರೈಕೆ. ಅಪ್ಪನ ಎದೆಯೂ ಇದಕ್ಕೆ ಒದಗುತ್ತದೆ. ಅಂಗಿ ಬಿಚ್ಚಿ, ಡೈಪರ್ ಮಾತ್ರ ತೊಟ್ಟ ಕೂಸನ್ನು ಎದೆಗೊರಗಿಸಿಕೊಂಡು ಕೂತಿರಿ. ನಿಮಗೆ ತೂಕಡಿಕೆ ಬಂದರೆ ಮಾತ್ರ ಹಾಸಿಗೆಗೆ ಹಾಕಿಬಿಡಿ. ಹೆರಿಗೆ ತವರಿನಲ್ಲಾದರೆ ಗಂಡಂದಿರು ಭಾನುವಾರದ ನೆಂಟರಾಗಿಬಿಡುತ್ತಾರೆ. ಹಾಗಾಗಬಾರದು. ಬಂದ ದಿನವಾದರೂ ಒಂದು ರಾತ್ರಿಯ ಪಾಳಿ ಅವರದ್ದಾಗಲಿ, ಬಾಣಂತಿ ಮಲಗಲಿ.

ಯಾವಾಗ ಆಸ್ಪತ್ರೆಗೆ?

ಎಬ್ಬಿಸಿದರೂ ಹಾಲಿಗೆ ಬಾಯಿ ಹಾಕದಿದ್ದರೆ, ಉಸಿರು ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಆಡುತ್ತಿದ್ದರೆ, ಪಕ್ಕೆ ಒಳಗೆಳೆಯುತ್ತಿದ್ದರೆ, ಮೂರು ತಿಂಗಳೊಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗುವವರೆಗೆ ಕಾಯಬೇಡಿ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಆಶಾ ಕಾರ್ಯಕರ್ತೆ 3ನೇ ದಿನದಿಂದ 42ನೇ ದಿನದೊಳಗೆ ಆರು ಸಲ ಮನೆಗೆ ಬರುತ್ತಾರೆ. ಅವರ ಮುಂದೆ ತಾಯಿಯ ಸ್ಥಿತಿಯನ್ನೂ ಹೇಳಿ. ಕೂಸು ಮಲಗಿದರೂ ಅವಳಿಗೆ ನಿದ್ದೆ ಹತ್ತದೆ, ಎರಡು ವಾರ ದಾಟಿದರೂ ಅಳು ನಿಲ್ಲದೆ, ಕೂಸನ್ನು ಮುಟ್ಟಲೂ ಮನಸ್ಸಾಗದಿದ್ದರೆ ಅದು ಸೋಮಾರಿತನವಲ್ಲ, ದೃಷ್ಟಿಯೂ ಅಲ್ಲ. ಅದು ಚಿಕಿತ್ಸೆಯಿಂದ ವಾಸಿಯಾಗುವ ಖಿನ್ನತೆಯಿರಬಹುದು. ಅವಳನ್ನೂ ವೈದ್ಯರಿಗೆ ತೋರಿಸಿ.