ಹನ್ನೊಂದು ಸೆಕೆಂಡಿನ ಮೌನಕ್ಕೆ ಕತ್ತರಿ ಹಾಕದೆ ಗೆದ್ದೆ

"ಮಾತು ನಿಂತ ಕಡೆ ಕತ್ತರಿಸು, ಇಲ್ಲಾಂದ್ರೆ ನೋಡೋರು ಎದ್ದು ಹೋಗ್ತಾರೆ." ಸಂಗೀತಗಾರರ ಸಂದರ್ಶನ ಎಡಿಟ್ ಮಾಡಲು ಶುರು ಮಾಡಿದಾಗಿಂದ ಕೇಳಿದ ಬುದ್ಧಿಮಾತು ಇದು. ನಾಲ್ಕು ವರ್ಷ ಹಾಗೇ ಮಾಡಿದೆ. ಈಗ ಬಿಟ್ಟಿದ್ದೇನೆ. ಕೊನೇತನಕ ನೋಡುವವರು ಹೆಚ್ಚುಕಡಿಮೆ ಎರಡರಷ್ಟಾಗಿದ್ದಾರೆ.

ಕಣ್ಣು ತೆರೆಸಿದ್ದು ಒಬ್ಬರು ಪಿಟೀಲು ವಾದಕರು. "ವೇದಿಕೆ ಮೇಲೆ ಕೂತಾಗ ಏನನ್ನಿಸುತ್ತೆ ಸರ್?" ಅಂತ ಕೇಳಿದೆ. ಅವರು ಕಮಾನಿನ ಕಡ್ಡಿಗೆ ಅಂಟಿದ್ದ ರಾಳದ ಪುಡಿಯನ್ನು ಹೆಬ್ಬೆರಳಿಂದ ಮೆಲ್ಲಗೆ ಒರೆಸುತ್ತಾ ಕೂತರು. ಹನ್ನೊಂದು ಸೆಕೆಂಡು. ನನಗೆ ತಡೆಯಲಾಗಲಿಲ್ಲ, "ಖುಷಿ ಆಗುತ್ತೆ ಅಲ್ವಾ?" ಅಂದುಬಿಟ್ಟೆ. "ಹೂಂ" ಅಂದರು. ಎಡಿಟಿಂಗ್‌ನಲ್ಲಿ ಅವರು ಯೋಚಿಸಿದ ಹೊತ್ತನ್ನೆಲ್ಲ ತೆಗೆದುಹಾಕಿದೆ, ಆ "ಹೂಂ" ಮಾತ್ರ ಉಳೀತು. ನೋಡಿದವರೆಲ್ಲ "ಎಷ್ಟು ಕೊಬ್ಬು ಈ ಮನುಷ್ಯನಿಗೆ" ಅಂದರು. ಅಷ್ಟು ಸಂಕೋಚದ ಮನುಷ್ಯನಿಗೆ ಆ ಹೆಸರು ತಂದವನು ನಾನು.

ಆಮೇಲೆ ಕತ್ತರಿ ಬೀಳದ ಫುಟೇಜನ್ನೇ ಜನಕ್ಕೆ ತೋರಿಸಿ, ಅವರ ಮುಖಕ್ಕೆ ಇನ್ನೊಂದು ಕ್ಯಾಮೆರಾ ಇಡೋಣ ಅಂತ ಹೊರಟೆ. ಜೊತೆಗಿದ್ದ ಪಾಲುದಾರ "ಹುಚ್ಚು ಖರ್ಚು" ಅಂತ ಕೈಬಿಟ್ಟ. ಕ್ಯಾಮೆರಾ, ಬಂದವರಿಗೆ ಕೊಟ್ಟ ಗೌರವಧನ ಎಲ್ಲ ಸೇರಿ ಮೂರು ತಿಂಗಳ ಗಳಿಕೆ ಹೋಯಿತು. ಮೊದಲ ಸುತ್ತು ಪೂರ್ತಿ ದಂಡ. ಎಲ್ಲರನ್ನೂ ಒಟ್ಟಿಗೆ ಕೂರಿಸಿದ್ದೆ, ಒಬ್ಬ ನಕ್ಕರೆ ಉಳಿದವರೂ ನಕ್ಕರು. ನೋಡಿದ ಮೇಲೆ ಅಭಿಪ್ರಾಯ ಕೇಳಿದರೆ ಎಲ್ಲರದ್ದೂ "ಚೆನ್ನಾಗಿತ್ತು".

ಎರಡನೇ ಸುತ್ತಿಗೆ ಹನ್ನೆರಡು ಜನ, ಒಬ್ಬೊಬ್ಬರಾಗಿ. ಏನೂ ಕೇಳಲಿಲ್ಲ, ಮುಖದ ದೃಶ್ಯಕ್ಕೂ ಸಂದರ್ಶನಕ್ಕೂ ಟೈಮ್‌ಕೋಡ್, ಅಂದ್ರೆ ವಿಡಿಯೋದ ಪ್ರತಿ ಕ್ಷಣದ ಗುರುತು, ಹೊಂದಿಸಿದೆ ಅಷ್ಟೆ. ಮೌನದ ಹೊತ್ತಲ್ಲಿ ಜನ ಮುಂದಕ್ಕೆ ಬಾಗಿ ನೋಡುತ್ತಿದ್ದರು! ಮುಖ ತಿರುಗಿಸಿದ್ದು, ಕತ್ತು ಉಜ್ಜಿಕೊಂಡಿದ್ದು ನಾನು ಬಾಯಿ ಹಾಕಿದ ಕ್ಷಣಕ್ಕೆ. ಒಂಬತ್ತೋ ಹತ್ತೋ ಜನ ಹಾಗೇ ಮಾಡಿದರು.

ನಂಬಿಕೆ ಬರಲಿಲ್ಲ. 2007ರಲ್ಲಿ ಅಮೆರಿಕದ ಎನ್‌ಪಿಆರ್ ರೇಡಿಯೋದಲ್ಲಿ ಐಸ್‌ಲ್ಯಾಂಡ್‌ನ ಸಿಗುರ್ ರೋಸ್ ಸಂಗೀತ ತಂಡ ಹೆಚ್ಚಿನ ಪ್ರಶ್ನೆಗೆ ಒಂದೆರಡು ಪದದಲ್ಲೇ ಉತ್ತರ ಮುಗಿಸಿದ ಸಂದರ್ಶನದ ವಿಡಿಯೋವನ್ನೂ ತೋರಿಸಿದೆ. ಅಲ್ಲೂ ಹೆಚ್ಚಿನವರು ಮುದುಡಿಕೊಂಡದ್ದು ಪ್ರಶ್ನೆಗಳಿಗೆ. 1965ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಮೆರಿಕದ ಗಾಯಕ ಬಾಬ್ ಡಿಲನ್ ಕೊಟ್ಟ ಪತ್ರಿಕಾಗೋಷ್ಠಿಯ ಕಥೆಯೇ ಬೇರೆ. ಡಿಲನ್ ಎಷ್ಟೇ ವಕ್ರ ಉತ್ತರ ಕೊಟ್ಟರೂ ಅಲ್ಲಿ ಕೂತವರು ನಗುತ್ತಾರೆ, ಹಾಗಾಗಿ ನೋಡುವವರಿಗೂ ನಿರಾಳ. ಆ ನಗುವಿನ ಜಾಡು ಹಿಡಿದು ಒಂದು ತಿಂಗಳು ನನ್ನ ಚಿತ್ರೀಕರಣಕ್ಕೂ ನಾಲ್ಕು ಜನರನ್ನು ಕೂರಿಸಿದೆ. ಕಲಾವಿದರು ನನ್ನನ್ನು ಬಿಟ್ಟು ಅವರಿಗೇ ಉತ್ತರ ಹೇಳತೊಡಗಿದರು. ಕೈಬಿಟ್ಟೆ. ಧ್ವನಿ ತೆಗೆದೂ ತೋರಿಸಿ ನೋಡಿದೆ, ಯೋಚಿಸುತ್ತಿದ್ದ ಮುಖ ಸಿಟ್ಟಿನ ಮುಖದ ಹಾಗೆ ಕಂಡಿತಂತೆ.

ಈಗ ಎರಡನೇ ಕ್ಯಾಮೆರಾ ಕಲಾವಿದರ ಕೈ ಮೇಲಿರುತ್ತದೆ. ಮಾತು ನಿಂತಾಗ ಆ ಶಾಟ್‌ಗೆ ಹೋಗುತ್ತೇನೆ. ಎಷ್ಟನೇ ಸೆಕೆಂಡಿಗೆ ಹೋಗಬೇಕು, ವಾಪಸ್ ಯಾವಾಗ ಬರಬೇಕು ಅನ್ನೋದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯಲಾರೆ. ಹಾಕಿದ ದುಡ್ಡು ವರ್ಷದೊಳಗೆ ವಾಪಸ್ ಬಂತು.

ಪಿಟೀಲು ವಾದಕರ ಅನುಮತಿ ಪಡೆದು, ಅದೇ ಸಂದರ್ಶನವನ್ನು ಹನ್ನೊಂದು ಸೆಕೆಂಡೂ ಉಳಿಸಿ ನಲವತ್ತು ಜನರ ಮುಂದೆ ತೋರಿಸಿದೆ. ಅವರೂ ಬಂದಿದ್ದರು. ಪರದೆ ಮೇಲೆ ಹೆಬ್ಬೆರಳು ಕಡ್ಡಿಯುದ್ದಕ್ಕೂ ಸರಿಯುವಾಗ ಒಬ್ಬರೂ ಕೆಮ್ಮಲಿಲ್ಲ. ನನ್ನ "ಖುಷಿ ಆಗುತ್ತೆ ಅಲ್ವಾ?" ಬಂದದ್ದೇ ತಡ, ಹಿಂದಿನ ಸಾಲಿನಿಂದ ಯಾರೋ ಜೋರಾಗಿ ಹೇಳಿದರು: "ಅವರಿಗೆ ಮಾತಾಡೋಕೆ ಬಿಡಿ ಸ್ವಾಮಿ!"